ನಿಂಬೆಯ ಬಾಲದ ವಿಷಯವಾಗಿ ನೀಲಿ ದೊರೆಗಳಿಗೆ

ಇವರ ಸನ್ನಿಧಾನಕ್ಕೆ:
ಶ್ರೀಮಾನ್ ನೀಲಿ ದೊರೆಗಳು,
ಎಡಮೂಲೆಯ ದೊಡ್ಡ ಕಲ್ಲು, ನಾಲ್ಕಡಿ ಗಾಜಿನ ತೊಟ್ಟಿ,
ಹಲ್ಲಿನ ಸೆಟ್ ತಯಾರಿಸುವ ಕೋಣೆ.

ವಿಷಯ: ನಿಂಬೆ ಎಂಬ ಹಳದಿ ಮೀನಿನ ಬಾಲ ಮೊನ್ನೆಯಿಂದ ಕಾಣೆಯಾಗಿರುವ ಬಗ್ಗೆ, ಹಾಗೂ ಅದಕ್ಕೆ ಸಂಬಂಧಪಟ್ಟ ಮತ್ತು ಪಡದ ಕೆಲವು ಸಂಗತಿಗಳ ಬಗ್ಗೆ.

ಮಾನ್ಯ ದೊರೆಗಳೇ,

ಸಾಷ್ಟಾಂಗ ನಮಸ್ಕಾರ ಹಾಕುವಷ್ಟು ಜಾಗ ಈ ಕೋಣೆಯಲ್ಲಿ ಉಳಿದಿಲ್ಲವಾದ್ದರಿಂದ ಕೂತಲ್ಲಿಂದಲೇ ಕೈಮುಗಿದು, ತಮ್ಮ ಆಯುರಾರೋಗ್ಯ, ಮೈಮೇಲಿನ ಆರು ಕಪ್ಪು ಪಟ್ಟೆಗಳು ಮತ್ತು ಮೂಗಿನ ತುದಿಯ ಕೋಪ ದಿನೇದಿನೇ ವೃದ್ಧಿಯಾಗುತ್ತಿರುವುದನ್ನು ಕಂಡು ಸಂತೋಷಪಡುತ್ತಾ ಈ ಬಡ ಅರ್ಜಿದಾರನು ಬರೆದುಕೊಳ್ಳುವುದೇನೆಂದರೆ, ನಾನು ಯಾರೆಂದು ತಮಗೆ ಗೊತ್ತಿಲ್ಲದಿರಲಾರದು. ಬೆಳಿಗ್ಗೆ ಒಂಬತ್ತೂವರೆಗೆ ಬಂದು ತೊಟ್ಟಿಯ ಮುಚ್ಚಳ ತೆರೆದು ಎರಡು ಚಿಟಿಕೆ ಆಹಾರ ಉದುರಿಸುವ, ಹೆಬ್ಬೆರಳಿನ ಉಗುರಿನೊಳಗೆ ಸದಾ ಗುಲಾಬಿ ಮೇಣ ಮೆತ್ತಿಕೊಂಡಿರುವ ಮನುಷ್ಯನೇ ನಾನು. ದಂತವೈದ್ಯರು ಕಳಿಸುವ ಅಳತೆಗೆ ಹಲ್ಲಿನ ಸೆಟ್ ಮಾಡಿಕೊಡುವುದು ನನ್ನ ಕಸುಬು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯ ಎರಡನೆಯ ಅರ್ಧವನ್ನು ಸರಿಪಡಿಸುವ ಹೊಣೆ ಹತ್ತೊಂಬತ್ತು ವರ್ಷಗಳಿಂದ ನಮ್ಮ ಹೆಗಲ ಮೇಲಿದೆ. ನಮ್ಮ ಎಂದರೆ ನನ್ನ ಮತ್ತು ನನ್ನ ಅಣ್ಣನವರ ಹೆಗಲು. ಕಿಟಕಿಯ ಪಕ್ಕದ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಾರಲ್ಲ, ಅವರೇ.

ಮೀನಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ಹೊರಗಿನವರು ನಗಬಹುದು. ನಗಲಿ, ಅವರಿಗೆ ಈ ಕೋಣೆಯ ಪದ್ಧತಿ ತಿಳಿಯದು. ಕಳೆದ ಆರು ತಿಂಗಳಿಂದ ಇಲ್ಲಿ ಹೇಳಬೇಕಾದದ್ದನ್ನೆಲ್ಲ ತಮಗೇ ಹೇಳುವುದು ರೂಢಿ. ಅಣ್ಣನವರು ತೊಟ್ಟಿಯ ಕಡೆ ತಿರುಗಿ "ದೊರೆ, ಕೆಲವರು ಪ್ಲಾಸ್ಟರ್ ಚೀಲದ ಬಾಯಿ ಕಟ್ಟದೆ ಹೋಗ್ತಾರೆ, ಗಾಳಿಗೆ ಗಟ್ಟಿಯಾದ್ರೆ ಯಾರು ಜವಾಬ್ದಾರಿ?" ಎಂದರೆ ಅದು ನನಗೆ, ನಾನು "ದೊರೆ, ಚೀಲ ಕಟ್ಟೋ ದಾರ ಯಾರ ಡ್ರಾಯರ್‌ನಲ್ಲಿದೆ ಅಂತ ನಿನಗೆ ಗೊತ್ತಲ್ಲ" ಎಂದರೆ ಅದು ಅವರಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಹಿರಿಯರು ಹೇಳಿದ್ದಾರೆ; ನಮ್ಮಲ್ಲಿ ಕೊತ್ತಿಯಿಲ್ಲದ ಕಾರಣ ಆ ಪದವಿ ತಮಗೆ ಬಂದಿದೆ. ಇಷ್ಟೆಲ್ಲ ಕೇಳಿಸಿಕೊಂಡೂ ಒಂದೇ ಒಂದು ಮಾತನ್ನು ಆಚೆಯಿಂದ ಈಚೆಗೆ ದಾಟಿಸದ ತಮ್ಮ ಗಾಂಭೀರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ತಾವು ಇಲ್ಲಿಗೆ ದಯಮಾಡಿಸಿದ ಹಿನ್ನೆಲೆಯನ್ನು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಈ ಕೋಣೆಗೆ ಇರುವುದು ಒಂದೇ ಕಿಟಕಿ. ಕಟ್ಟಿಸುವ ಹಲ್ಲಿನ ಬಣ್ಣ ಬಾಯಲ್ಲಿ ಉಳಿದಿರುವ ಹಲ್ಲಿನ ಬಣ್ಣಕ್ಕೆ ಹೊಂದಬೇಕು, ಹೊಂದಿದೆಯೋ ಇಲ್ಲವೋ ಎಂಬುದು ಹಗಲ ಬೆಳಕಿನಲ್ಲಿ ಮಾತ್ರ ಗೊತ್ತಾಗುತ್ತದೆ. ಅಣ್ಣನವರು ಮೊದಲ ದಿನದಿಂದಲೂ ಕಿಟಕಿಯಡಿ ಕೂತವರು. ಬಣ್ಣದ ಪಟ್ಟಿಯನ್ನು ಬೆಳಕಿಗೆ ಹಿಡಿದು, ಹಲ್ಲಿಗೆ ಹೊಂದುವ ಬಣ್ಣದ ಗುರುತನ್ನು "ಎ-ಎರಡು" ಎಂದು ಕೂಗುವುದು, ನಾನು ಇತ್ತಿಂದ "ಎ-ಎರಡು" ಎಂದು ಮರಳಿ ಕೂಗಿ ಬರೆದುಕೊಳ್ಳುವುದು, ದಿನಕ್ಕೆ ಹತ್ತು ಹದಿನೈದು ಸಲ ಇದೇ ನಮ್ಮ ಮಾತುಕತೆಯಾಗಿತ್ತು. ಅಂಥಾ ದೊಡ್ಡ ಮಾತೇನಲ್ಲ. ಆದರೂ ನಿಂತುಹೋದ ಮೇಲೆ ಕೋಣೆ ಇಷ್ಟು ದೊಡ್ಡದಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿಂತದ್ದು ಹೇಗೆಂದರೆ, ಎಂಟು ತಿಂಗಳ ಹಿಂದೆ ನನ್ನ ಕಣ್ಣಿಗೆ ಪೊರೆ ಕೂಡತೊಡಗಿತು. ಕಣ್ಣಿನ ಡಾಕ್ಟರು ಇನ್ನೊಂದಿಷ್ಟು ತಿಂಗಳು ನೋಡಿಕೊಂಡು ತೆಗೆಯೋಣ ಎಂದರು. ಅಲ್ಲಿಯವರೆಗೆ ಬಿಳಿಯದೆಲ್ಲ ನನಗೆ ಹಳದಿ, ಹಳದಿಯದೆಲ್ಲ ಮಂಜು. ಹಲ್ಲು ಮಾಡುವವನ ಕಣ್ಣೇ ಹೋಗಿದೆ ಎಂದು ವೈದ್ಯರ ಕಿವಿಗೆ ಬಿದ್ದರೆ ಕೆಲಸ ಕಳಿಸುವವರು ಯಾರು? ಹೀಗೆ ಹೆದರಿ, ನಾನು ಅಣ್ಣನವರ ಮುಂದೆ ಹೋಗಿ ಕಣ್ಣಿನ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಹತ್ತೊಂಬತ್ತು ವರ್ಷ ನೀನು ಕೂತಾಯ್ತು, ಇನ್ನು ನನ್ನ ಸರದಿ, ಕಿಟಕಿಯನ್ನೇನು ಹುಟ್ಟುವಾಗ ಬಗಲಲ್ಲಿಟ್ಟುಕೊಂಡು ಬಂದಿದ್ದೀಯಾ ಎಂದೆ. ಅಣ್ಣನವರು "ಅಷ್ಟು ಬೆಳಕು ಬೇಕಿದ್ರೆ ಬೇರೆ ಕೋಣೆ ನೋಡ್ಕೋ" ಎಂದರು. ನಾನು ಬಗ್ಗಿ, ಪ್ಲಾಸ್ಟರ್ ಪುಡಿಯಲ್ಲಿ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ. ಆ ಗೆರೆಯನ್ನು ಮಾರನೆಯ ದಿನವೇ ಗುಡಿಸಿದ್ದರೂ ಅದನ್ನು ಒಬ್ಬರ ಕಣ್ಣೆದುರು ಇನ್ನೊಬ್ಬರು ಇವತ್ತಿನವರೆಗೆ ದಾಟಿಲ್ಲ.

ನಮ್ಮ ಅತ್ತಿಗೆಯವರು, ಅಂದರೆ ಅಣ್ಣನವರ ಹೆಂಡತಿ, ಎರಡು ತಿಂಗಳು ಇದನ್ನು ನೋಡಿ ಬೇಸತ್ತರು. ಮೀನು ಓಡಾಡುವುದನ್ನು ನೋಡುತ್ತಾ ಕೂತರೆ ಮನಸ್ಸು ತಣ್ಣಗಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಮೀನಿನ ಅಂಗಡಿಗೆ ಹೋಗಿ, "ಇಬ್ಬರು ಗಂಡಸರು ನೋಡಿ ಸಮಾಧಾನ ಆಗೋ ಅಂಥವು ಕೊಡಪ್ಪಾ" ಎಂದು ಕೇಳಿದರು. ಅಂಗಡಿಯವನಿಗೆ ಬಣ್ಣ ಕೇಳಿಸಿತೋ ಸಮಾಧಾನ ಕೇಳಿಸಿತೋ ತಿಳಿಯದು, ಜಗಳಗಂಟತನಕ್ಕೆ ಹೆಸರಾದ ಸಿಕ್ಲಿಡ್ ಜಾತಿಯ ಒಂಬತ್ತು ಮೀನುಗಳನ್ನು ಚೀಲಕ್ಕೆ ತುಂಬಿ ಕಳಿಸಿದ. ಹೀಗೆ ನನ್ನ ಮೇಜಿಗೂ ಅಣ್ಣನವರ ಮೇಜಿಗೂ ನಡುವೆ, ಸರಿಯಾಗಿ ಆ ಗೆರೆ ಇದ್ದಲ್ಲಿ, ಶಾಂತಿಯ ತೊಟ್ಟಿ ಬಂದು ಕೂತಿತು. ಅತ್ತಿಗೆಯವರು ಹೋಗಿ ಕದ ಹಾಕಿಕೊಳ್ಳುವಷ್ಟರಲ್ಲಿ ತಾವು ಮೊದಲನೆಯವನ ರೆಕ್ಕೆ ಕಿತ್ತಿದ್ದಿರಿ.

ಅಂದಿನಿಂದ ತಮ್ಮ ಆಡಳಿತವನ್ನು ನಾನು ಹತ್ತಿರದಿಂದ, ಅಂದರೆ ಒಂದೂವರೆ ಅಡಿ ದೂರದಿಂದ, ನೋಡುತ್ತಾ ಬಂದಿದ್ದೇನೆ. ಎಡಮೂಲೆಯ ದೊಡ್ಡ ಕಲ್ಲು ಮೊದಲ ದಿನ ತಮ್ಮದಾಯಿತು. ಎರಡನೇ ದಿನ ಆ ಕಲ್ಲಿನ ನೆರಳು ತಮ್ಮದಾಯಿತು. ವಾರ ಕಳೆಯುವಷ್ಟರಲ್ಲಿ ಆ ಕಲ್ಲನ್ನು ನೋಡುವ ಹಕ್ಕೂ ತಮ್ಮದೇ ಆಯಿತು. ದೂರದಿಂದ ಕಣ್ಣೆತ್ತಿ ನೋಡಿದವರನ್ನೂ ಅಟ್ಟಿಸಿಕೊಂಡು ಹೋದಿರಿ. ಒಂಬತ್ತರಲ್ಲಿ ನಾಲ್ವರು ತೀರಿಕೊಂಡರು. ಉಳಿದವರಲ್ಲಿ ನಿಂಬೆಯು ನೀರು ಸೋಸುವ ಶೋಧಕದ ಕೊಳವೆ ಮತ್ತು ಗಾಜಿನ ನಡುವಿನ ಎರಡು ಬೆರಳಿನ ಸಂದಿಯಲ್ಲಿ ತಲೆ ಕೆಳಗೆ ಮಾಡಿ ನಿಂತು ಸಂಸಾರ ಸಾಗಿಸತೊಡಗಿತು. ಇಷ್ಟು ಕಡಿಮೆ ಜಾಗದಲ್ಲಿ ಪ್ರಜೆಗಳು ಬದುಕಬಲ್ಲರೆಂದು ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿ ತಮ್ಮದು. ತಾವು ನಿದ್ದೆ ಮಾಡುವುದಾದರೂ ಯಾವಾಗ ಎಂಬ ಚಿಂತೆ ನನ್ನನ್ನು ಕಾಡುತ್ತದೆ. ಇಡೀ ತೊಟ್ಟಿಯನ್ನು ಕಾಯುವವರಿಗೆ ಮಲಗಲು ಒಂದು ಜಾಗವೂ ಸಾಲದು.

ತಮ್ಮನ್ನು ತಿದ್ದುವ ಉದ್ಧಟತನ ನನಗಿರಲಿಲ್ಲ, ನಿಂಬೆಯ ಮುಖ ನೋಡಲಾರದೆ ಮೀನಿನ ಅಂಗಡಿಗೆ ಹೋದೆ. "ಕಡಿಮೆ ಇದ್ರೆ ಒಂದನ್ನೇ ಹಿಡ್ಕೊಂಡು ಹೊಡೆಯುತ್ತೆ ಸಾರ್, ಇನ್ನಷ್ಟು ಹಾಕಿ, ಯಾರನ್ನ ಹೊಡೀಬೇಕು ಅಂತ ಅದಕ್ಕೇ ತಲೆ ಕೆಡುತ್ತೆ" ಎಂದ ಅಂಗಡಿಯವನು. ಎಂಟು ಮಂದಿಯನ್ನು ತಂದು ಬಿಟ್ಟೆ, ಇನ್ನೊಂದು ಶೋಧಕವನ್ನೂ ಹಾಕಿದೆ. ತಮಗೆ ತಲೆ ಕೆಡಲಿಲ್ಲ. ತಾವು ಸರದಿ ಹಾಕಿಕೊಂಡಿರಿ. ಆಮೇಲೆ ಕನ್ನಡಿಯ ಉಪಾಯ ಹೇಳಿದ. ಗಾಜಿನ ಹೊರಗೆ ಕನ್ನಡಿ ಹಿಡಿದರೆ ತಮ್ಮ ಸಿಟ್ಟು ತಮ್ಮ ಬಿಂಬದ ಮೇಲೆ ಖರ್ಚಾಗುತ್ತದಂತೆ. ನಮ್ಮಲ್ಲಿ ಕನ್ನಡಿಗೆ ಬರವೇ? ಹಿಡಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ತಾವು ಊಟದ ಹೊತ್ತಿನವರೆಗೆ ಗಾಜಿಗೆ ಗುದ್ದಿದಿರಿ, ಆಮೇಲೆ ಸುಸ್ತಾಗಿ, ಆ ಸೋಲಿನ ಸೇಡನ್ನು ನಿಂಬೆಯ ಮೇಲೆ ತೀರಿಸಿಕೊಂಡಿರಿ. ಹಿಂದಿನಿಂದ ಅಣ್ಣನವರು "ದೊರೆ, ಅದೇ ಕನ್ನಡೀನ ಕೆಲವರು ತಾವೂ ನೋಡ್ಕೋಬಹುದು" ಎಂದದ್ದು ತಮಗೂ ಕೇಳಿಸಿರಬೇಕು.

ಮೂರನೆಯ ಸಲಹೆ ಅಡಗಿಕೊಳ್ಳಲು ಗುಹೆಗಳನ್ನು ಮಾಡಿಕೊಡುವುದು. ಅಂಗಡಿಯ ಗುಹೆಗಳನ್ನು ಏಕೆ ಕೊಳ್ಳಬೇಕು, ಕಪಾಟಿನ ತುಂಬ ಹಳೆಯ ಬಾಯಿಗಳ ಪ್ಲಾಸ್ಟರ್ ಅಚ್ಚುಗಳಿರುವಾಗ, ಎಂದು ನನಗೆ ಹೊಳೆಯಿತು. ಮೇಲ್ದವಡೆ ಕೆಳದವಡೆ ಸೇರಿ ಹನ್ನೊಂದನ್ನು ತೊಳೆದು ಇಳಿಬಿಟ್ಟೆ. ನೋಡಲು ಸೊಗಸಾಗಿತ್ತು; ಒಬ್ಬ ನಿವೃತ್ತ ನ್ಯಾಯಾಧೀಶರ ಅಂಗುಳದಲ್ಲಿ ಎರಡು ಮೀನು, ಒಬ್ಬ ಪೈಲ್ವಾನನ ಕೆಳದವಡೆಯಲ್ಲಿ ಮೂರು. ಎರಡು ವಾರ ಕಳೆದ ಮೇಲೆ ತಾವು ಮೊದಲಿಗಿಂತ ನೀಲಿಯಾಗಿ, ಮೊದಲಿಗಿಂತ ದಪ್ಪವಾಗಿ, ಮೊದಲಿಗಿಂತ ಚುರುಕಾಗಿ ಎಲ್ಲ ಹನ್ನೊಂದು ಬಾಯಿಗಳಿಗೂ ಒಡೆಯರಾಗಿದ್ದಿರಿ. ಅಂಗಡಿಯವನು ಬಂದು ನೀರನ್ನು ಪರೀಕ್ಷಿಸಿ ಹಣೆ ಚಚ್ಚಿಕೊಂಡ. ಪ್ಲಾಸ್ಟರ್ ಕರಗಿ ನೀರು ಗಡಸಾಗಿತ್ತು, ಗಡಸು ನೀರೆಂದರೆ ತಮ್ಮ ಕುಲಕ್ಕೆ ತವರಿನ ನೀರಂತೆ. ತಮ್ಮನ್ನು ಹದ್ದುಬಸ್ತಿನಲ್ಲಿಡಲು ಹೋಗಿ ತಮಗೆ ಹದಿನೈದು ದಿನ ಟಾನಿಕ್ ಕುಡಿಸಿದವನು ನಾನೇ ಎಂಬುದಕ್ಕೆ ತಮ್ಮಿಂದ ಒಂದು ಕೃತಜ್ಞತೆಯ ನೋಟವಾದರೂ ಬರಬೇಕಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬೇಕಿರಲಿಲ್ಲ. ಆ ಬಾಯಿಗಳು ಇನ್ನೂ ನೀರಿನಲ್ಲಿದ್ದಾಗಲೇ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿಯವರ ಸೆಟ್ ಶುಕ್ರವಾರದೊಳಗೆ ಬೇಕಿತ್ತು, ಅವರ ಕೆಳದವಡೆಯ ಅಚ್ಚು ಕಾಣೆಯಾಗಿತ್ತು. ಇಡೀ ಕೋಣೆ ತಡಕಾಡಿದೆ. ಕೊನೆಗೆ ಅಣ್ಣನವರು ಎದ್ದು ಬಂದು, ತೊಟ್ಟಿಯನ್ನು ಒಂದು ಗಳಿಗೆ ನೋಡಿ, ಅಂಗಿಯ ತೋಳು ಮಡಿಸಿ ನೀರಿಗೆ ಕೈ ಹಾಕಿದರು. ತಾವು ಅವರ ಕಿರುಬೆರಳನ್ನು ಕಚ್ಚಿದಿರಿ. ಅವರು ಕೈ ಹಿಂದೆಗೆಯಲಿಲ್ಲ. ಹೊರಗೆ ಬಂದ ಅಚ್ಚಿನ ತಳದಲ್ಲಿ ಆಕೆಯ ಹೆಸರನ್ನು ಚಾಕುವಿನಲ್ಲಿ ಕೊರೆದಿತ್ತು, ಹಾಗೆ ಕೊರೆದವನು ನಾನೇ. ಹಳೆಯದೆಂದುಕೊಂಡು ಹೊಸದನ್ನು ನಾನು ನೀರಿಗೆ ಹಾಕಿದ್ದೆ, ಯಾಕೆಂದರೆ ನನಗೆ ಆ ಹೆಸರು ಕಂಡಿರಲಿಲ್ಲ. ಅಣ್ಣನವರು ಅಚ್ಚನ್ನು ಕಿಟಕಿಗೆ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು, ನನ್ನನ್ನು ನೋಡಿದರು, ಆಮೇಲೆ ಬಂದು ತಮ್ಮೆದುರು ಕುಕ್ಕರಗಾಲಲ್ಲಿ ಕೂತು ಹೇಳಿದರು: "ದೊರೆ, ಇಷ್ಟು ದಪ್ಪಕ್ಕೆ ಕೊರೆದದ್ದೂ ಕಾಣಿಸ್ಲಿಲ್ಲ ಅಂದ್ರೆ ಬಾಯಿಬಿಟ್ಟು ಹೇಳೋದಲ್ವಾ? ನಾನೇನು ಹೊರಗಿನವನಾ?"

ಆಗ ನಾನು ಉತ್ತರ ಕೊಡಬೇಕಾದದ್ದು ಅವರಿಗೆ. ರೂಢಿಬಲದಿಂದ ತಮಗೆ ಕೊಟ್ಟೆ. "ದೊರೆ, ಹೇಳೋದಕ್ಕೆ ಕೇಳೋ ಕಿವಿ ಇರ್ಬೇಕು" ಎಂದೆ. ನಾಲಿಗೆಗೆ ಮೂಳೆಯಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಅವರು ಎದ್ದು ಹೋಗಿ ಬೆನ್ನು ತಿರುಗಿಸಿ ಕೂತರು, ನೀರಲ್ಲಿ ಕರಗಿದ ಅಚ್ಚು ಕೆಲಸಕ್ಕೆ ಬಾರದ್ದರಿಂದ ಆಕೆಯ ಅಳತೆಯನ್ನು ವೈದ್ಯರಿಂದ ಮತ್ತೆ ತರಿಸಿ ಇಡೀ ಸೆಟ್ ಒಬ್ಬರೇ ಮಾಡಿ ಮುಗಿಸಿದರು. ಎರಡು ದಿನದ ನಂತರ ನನ್ನ ಮೇಜಿನ ಮೇಲೆ, ಯಾರು ತಂದದ್ದೆಂಬ ಸುಳಿವಿಲ್ಲದೆ, ಒಂದು ಟೇಬಲ್ ಲ್ಯಾಂಪ್ ಬಂದು ಕೂತಿತ್ತು. ಅದರ ಬೆಳಕು ಎಷ್ಟು ಹಳದಿಯೆಂದರೆ ಅದರಡಿ ಎಳೆಯ ಮಕ್ಕಳ ಹಲ್ಲೂ ಮೂವತ್ತು ವರ್ಷ ಬೀಡಿ ಸೇದಿದವರ ಹಲ್ಲಿನಂತೆ ಕಾಣುತ್ತದೆ. ಆದರೂ ನಾನದನ್ನು ದಿನವೂ ಹಚ್ಚುತ್ತೇನೆ. ತಮಗೂ ಅದರಿಂದ ಗಾಜಿನಲ್ಲಿ ತಮ್ಮ ನೆರಳು ಕಂಡು ಹೊಸ ಶತ್ರು ಸಿಕ್ಕಿದ್ದಾನೆ, ಸಂತೋಷ.

ಇನ್ನು ಕಳೆದ ವಾರದ ಘಟನೆ. ಅಂಗಡಿಯವನು ತನ್ನ ಕೊನೆಯ ಮಂತ್ರ ಹೇಳಿದ. "ಎಲ್ಲ ಮೀನೂ ಹೊರಗೆ ತೆಗೀರಿ, ಒಂದು ಕಲ್ಲೂ ಹಳೇ ಜಾಗದಲ್ಲಿ ಇರಬಾರದು. ಆಮೇಲೆ ಸಣ್ಣವನ್ನ ಮೊದಲು ಬಿಡಿ, ಯಜಮಾನನ್ನ ಎರಡು ದಿನ ಬಿಟ್ಟು ಕೊನೇಗೆ. ಯಾವ ಜಾಗ ಯಾರದು ಅಂತ ಎಲ್ಲರಿಗೂ ಮರೆತುಹೋಗುತ್ತೆ, ಜಗಳಕ್ಕೆ ವಿಷಯಾನೇ ಇರಲ್ಲ." ಹಾಗೆಯೇ ಮಾಡಿದೆ. ತಮ್ಮನ್ನು ಗಾಳಿಕೊಳವೆ ಸಮೇತ ಹೊಸ ಬಕೆಟ್ಟಿನಲ್ಲಿ ಎರಡು ದಿನ ವಿಶ್ರಾಂತಿಗೆ ಕಳಿಸಿದ್ದು ಆ ಕಾರಣಕ್ಕೇ, ಅವಮಾನ ಮಾಡಲಿಕ್ಕಲ್ಲ. ಮರಳಿ ಬಂದ ತಾವು, ಸಂತೆಯಲ್ಲಿ ಮನೆಯವರ ಕೈತಪ್ಪಿದವರಂತೆ ಸುತ್ತಿ ಸುತ್ತಿ, ಯಾರನ್ನೂ ಮುಟ್ಟಲಿಲ್ಲ. ನಿಂಬೆಯು ಆರು ತಿಂಗಳಲ್ಲಿ ಮೊದಲ ಬಾರಿಗೆ ಸಂದಿಯಿಂದ ಹೊರಗೆ ಬಂದು, ತೊಟ್ಟಿಯ ನಟ್ಟನಡುವೆ ನೆಟ್ಟಗೆ ನಿಂತು ತನ್ನ ಆಹಾರವನ್ನು ತಾನೇ ತಿಂದಿತು. ಹೇಳಲು ನಾಚಿಕೆಯಾಗುತ್ತದೆ, ಆ ದಿನ ನಾನು ಅದಕ್ಕೆಂದು ಇನ್ನೊಂದು ಚಿಟಿಕೆ ಹೆಚ್ಚಿಗೆ ಉದುರಿಸಿದೆ.

ನಾಲ್ಕನೆಯ ದಿನ ನಾನು ಬರುವಷ್ಟರಲ್ಲಿ ದೊಡ್ಡ ಕಲ್ಲು ಮತ್ತೆ ಎಡಮೂಲೆಯಲ್ಲಿತ್ತು. ತಾವು ಅದರ ಮೇಲಿದ್ದಿರಿ. ನಿಂಬೆ ಸಂದಿಯಲ್ಲಿತ್ತು, ಬಾಲ ಎಲ್ಲಿಯೂ ಇರಲಿಲ್ಲ. ಅಣ್ಣನವರ ತೋಳಿನ ಬಟ್ಟೆ ಮೊಣಕೈವರೆಗೆ ಒದ್ದೆಯಾಗಿತ್ತು. ನನ್ನ ಹೆಜ್ಜೆ ಅವರಿಗೆ ಕೇಳಿಸಿರಲಿಲ್ಲ, ತಮ್ಮ ಮುಂದೆ ನಿಂತು ಮೆಲ್ಲಗೆ ಹೇಳುತ್ತಿದ್ದರು: "ಒಂದೇ ಕಡೆ ಕೂತು ಅಭ್ಯಾಸ ಆದವನಿಗೆ ಅದು ಬಿಟ್ರೆ ಇನ್ನೇನು ಗೊತ್ತಿರುತ್ತೆ, ಪಾಪ. ಅಲ್ಲಿಂದ ಎಬ್ಬಿಸಿದ್ರೆ ಎಲ್ಲಿಗೆ ಹೋಗ್ಬೇಕು?"

ಆ ಮಾತು ಕೇಳಿದ ಮೇಲೆ ನಾನು ಬಂದ ಹೆಜ್ಜೆಯಲ್ಲೇ ಬಾಗಿಲ ಹೊರಗೆ ಸರಿದೆ. ಎಂಟು ತಿಂಗಳು ನಾನು ಅವರನ್ನು ದರ್ಪದವರೆಂದು ತಿಳಿದಿದ್ದೆ, ಅವರು ಹೆದರಿದ್ದರು. ನನಗಿಂತ ಅವರು ನಾಲ್ಕು ವರ್ಷ ದೊಡ್ಡವರು. ನನ್ನ ಕಣ್ಣಿಗೆ ಬಂದದ್ದು ಅವರ ಕಣ್ಣಿಗೆ ಮೊದಲೇ ಬಂದಿರಬಾರದೆಂದು ಎಲ್ಲಿ ಬರೆದಿದೆ? ಅಷ್ಟು ದಪ್ಪಕ್ಕೆ ಕೊರೆದ ಹೆಸರನ್ನು ಅವರೂ ಓದಿದ್ದು ಮೂಗಿಗೆ ತಾಗಿಸಿಕೊಂಡು, ಅದೂ ಕಿಟಕಿಯ ಬೆಳಕಿನಲ್ಲಿ. ಬಾಯಿಬಿಟ್ಟು ಹೇಳುವ ವಿದ್ಯೆ ನಮ್ಮ ಮನೆತನದಲ್ಲಿ ಯಾರಿಗೂ ಬಂದಂತಿಲ್ಲ. ಊರಿನವರ ಬಾಯಿಗಳನ್ನೆಲ್ಲ ಸರಿಮಾಡಿ ಕೊಡುವ ಇಬ್ಬರು ತಮ್ಮ ಬಾಯಿಗಳನ್ನು ಒಂದು ಮೀನಿನ ಬಳಿ ಅಡವಿಟ್ಟಿರುವುದು ತಮಗೆ ತಮಾಷೆಯಾಗಿ ಕಂಡಿರಬಹುದು.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ನಿಂಬೆಯ ಬಾಲಕ್ಕೆ ಸ್ವೀಕೃತಿ ಪತ್ರವೊಂದನ್ನು ಕೊಡಿಸಬೇಕು; ಬುಡ ಉಳಿದಿದ್ದರೆ ಬಾಲ ಮತ್ತೆ ಬೆಳೆಯುತ್ತದೆಂದು ಅಂಗಡಿಯವನು ಹೇಳಿದ್ದಾನೆ, ಬೆಳೆದದ್ದನ್ನು ಮತ್ತೆ ವಸೂಲಿ ಮಾಡುವುದಿಲ್ಲವೆಂದು ಅದರಲ್ಲೇ ಒಂದು ಸಾಲು ಸೇರಿಸಿದರೆ ಉಪಕಾರವಾದೀತು. ತಾವು ಕಚ್ಚಿದ ಕಿರುಬೆರಳಿನ ವಿಷಯದಲ್ಲಿ ಸಂಬಂಧಪಟ್ಟವರ ಕ್ಷಮೆ ಕೇಳಬೇಕು, ಯಾಕೆಂದರೆ ಅದು ಈ ಊರಿನಲ್ಲೇ ಅತ್ಯಂತ ನವಿರಾಗಿ ಮೇಣ ತೀಡುವ ಬೆರಳು. ನಾನೂ ಜೊತೆಯಲ್ಲಿ ನಿಂತು ನನ್ನ ಪಾಲಿನದನ್ನು ಕೇಳಿಕೊಳ್ಳುತ್ತೇನೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಈ ಕೋಣೆಯ ಮೇಜು, ಕುರ್ಚಿ, ಕಪಾಟುಗಳನ್ನೆಲ್ಲ ಅಂಗಳಕ್ಕೆ ಹಾಕಿ, ಒಂದೂ ಹಳೆಯ ಜಾಗದಲ್ಲಿ ಇರದಂತೆ ಮತ್ತೆ ಜೋಡಿಸಲಿದ್ದೇನೆ. ಇಬ್ಬರ ಮೇಜೂ ಅಕ್ಕಪಕ್ಕ ಸೇರಿಸಿಟ್ಟರೆ ಕಿಟಕಿಯಡಿ ಹಿಡಿಯುತ್ತವೆ. ಅಳೆದಿದ್ದೇನೆ, ಒಂದು ಗೇಣು ಉಳಿಯುತ್ತದೆ. ದೊಡ್ಡ ಮೇಜಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ತಮಗೆ ಕೈಗಳಿಲ್ಲದಿರುವುದು ಗೊತ್ತಿದ್ದೂ ಕೇಳುತ್ತಿದ್ದೇನೆ, ಅನ್ಯಥಾ ಭಾವಿಸಬಾರದು.

ಈ ಏರ್ಪಾಟಿನಲ್ಲಿ ತಮ್ಮ ತೊಟ್ಟಿಯು ನಡುವಿನಿಂದ ಎದ್ದು ಗೋಡೆಗೆ ಸರಿಯುತ್ತದೆ. ದುಭಾಷಿಯ ಹುದ್ದೆಯಿಂದ ತಮ್ಮನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗುವುದು. ದೊಡ್ಡ ಕಲ್ಲು ತಮ್ಮೊಂದಿಗೇ ಬರುತ್ತದೆ, ಚಿಂತೆ ಬೇಡ. ಅದರ ಆಚೆಗೊಂದು, ತಮ್ಮ ಕಣ್ಣಿಗೆ ಬೀಳದಂಥ ಕಲ್ಲನ್ನು ನಿಂಬೆಗೂ ಇಡುತ್ತೇನೆ.

ಇತಿ, ತಮ್ಮ ಆಹಾರದ ಡಬ್ಬಿಯನ್ನೂ ತಮ್ಮ ಗುಟ್ಟುಗಳನ್ನೂ ಕೈಯಲ್ಲಿಟ್ಟುಕೊಂಡೇ ನಮಸ್ಕರಿಸುತ್ತಿರುವ

ತಮ್ಮ ವಿಶ್ವಾಸಿ,
ಲ್ಯಾಂಪಿನ ಕಡೆಯ ಮೇಜಿನವನು

ತಾ.ಕ.: ತಮಗೆ ಓದು ಬಾರದೆಂಬುದು ನನಗೆ ತಿಳಿದಿದೆ. ಆದ್ದರಿಂದಲೇ ಈ ಪತ್ರವನ್ನು ತೊಟ್ಟಿಯ ಗಾಜಿಗೆ ಹೊರಗಿನಿಂದ, ಬರಹ ಕಿಟಕಿಯ ಕಡೆಗೆ ಕಾಣುವಂತೆ ಅಂಟಿಸಿದ್ದೇನೆ. ಅಕ್ಷರಗಳು ಇಷ್ಟು ದಪ್ಪಗಿರುವುದು ನನ್ನ ಕಣ್ಣಿನ ದೋಷಕ್ಕಾಗಿ. ಆ ಕಡೆ ಕೂತಿರುವ ಯಾರಾದರೂ ಮೂಗು ತಾಗಿಸದೆ ಇದನ್ನು ಓದಲು ಸಾಧ್ಯವಾದರೆ ಅದು ಕೇವಲ ಆಕಸ್ಮಿಕ. ಮುಚ್ಚಳದ ಮೇಲಿನ ಬೆಂಕಿಪೊಟ್ಟಣದಲ್ಲಿ ಇವತ್ತು ಬಂದ ಒಂದು ಹಲ್ಲಿದೆ. ಲ್ಯಾಂಪಿನ ಬೆಳಕಿನಲ್ಲಿ ಅರ್ಧ ದಿನ ನೋಡಿದೆ, ಅದರ ಬಣ್ಣ ನನಗೆ ತಿಳಿಯಲಿಲ್ಲ. ನಾನು ಕೂತಿರುವುದು ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕಿವಿಗಳಿಗೆ ಇನ್ನೂ ಪೊರೆ ಬಂದಿಲ್ಲ. ಎ-ಎರಡೋ, ಎ-ಮೂರೋ, ಅಣ್ಣಾ?